ಮೂರು ಗಂಟೆಯ ಎಣಿಕೆ

ಸಂಪಾದಕರ ಪತ್ರ ಬಂದದ್ದು ಮೇ ತಿಂಗಳಲ್ಲಿ. ಕಲ್ಕತ್ತಾದ ಮೇ ಎಂದರೆ ಬೆಳಿಗ್ಗೆ ಉಟ್ಟ ಸೀರೆ ಬಸ್ಸಿನಿಂದ ಇಳಿಯುವಷ್ಟರಲ್ಲಿ ಒಗೆಯಲು ಹಾಕಿದ ಹಾಗಾಗಿರುತ್ತದೆ. ನಾನು ಅಲಿಪುರದಿಂದ ಎರಡು ಬಸ್ಸು ಬದಲಾಯಿಸಿ ಪ್ರಯೋಗಾಲಯ ಸೇರಿ, ಮುಖ ತೊಳೆದು, ಫ್ಯಾನಿನ ಕೆಳಗೆ ಕೂತು ಆ ವಿದೇಶಿ ಲಕೋಟೆಯನ್ನು ಒಡೆದೆ. ನಮ್ಮ ನ್ಯೂಟ್ರಾನ್ ಎಣಿಕೆಯಂತ್ರದ ಬಗ್ಗೆ ನಾನು ಬರೆದ ಪ್ರಬಂಧವನ್ನು ಇಬ್ಬರು ಪರಿಶೀಲಕರು ಓದಿದ್ದರು. ಮೊದಲನೆಯವರು ಎರಡು ಸಾಲು ಹೊಗಳಿ ಸುಮ್ಮನಾಗಿದ್ದರು. ಎರಡನೆಯವರು ಒಂದೇ ಒಂದು ಪ್ರಶ್ನೆ ಕೇಳಿದ್ದರು. ನಾಲ್ಕನೆಯ ಚಿತ್ರದಲ್ಲಿ ಯಂತ್ರದ ಅಂಚಿನ ಆರು ಮತ್ತು ಏಳನೆಯ ಗುರುತುಗಳ ಹತ್ತಿರ ಎಣಿಕೆ ನೂರಕ್ಕೆ ಎರಡರಷ್ಟು ಏರಿದೆ, ಯಂತ್ರದ ಮೇಣದೊಳಗೆ ಪೊಳ್ಳು ಇದೆಯೇ? ಇದ್ದರೆ ಯಂತ್ರ ಎಲ್ಲ ಕಡೆಯಿಂದಲೂ ಒಂದೇ ಸಮ ಎಣಿಸುತ್ತದೆ ಎಂಬ ನಿಮ್ಮ ಮಾತು ನಿಲ್ಲುವುದಿಲ್ಲ, ಕಾರಣ ತಿಳಿಸಿ.

ಯಂತ್ರ ಎಂದರೆ ದೊಡ್ಡದೇನಲ್ಲ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಅದು ಯಾವುದಕ್ಕೂ ಸುಲಭವಾಗಿ ಸಿಗುವುದಿಲ್ಲ. ಹೈಡ್ರೋಜನ್ ತುಂಬಿದ ವಸ್ತುವಿಗೆ ಡಿಕ್ಕಿ ಹೊಡೆಸಿ ಹೊಡೆಸಿ ಅದರ ವೇಗ ಇಳಿಸಬೇಕು, ಆಮೇಲೆ ಬೋರಾನ್ ಕೂಡಿದ ಅನಿಲ ತುಂಬಿದ ಕೊಳವೆಯಲ್ಲಿ ಹಿಡಿದು ಎಣಿಸಬೇಕು. ವೇಗ ಇಳಿಸಲು ನಾವು ಬಳಸಿದ್ದು ಪ್ಯಾರಾಫಿನ್ ಮೇಣ, ಮೋಂಬತ್ತಿಯ ಮೇಣವೇ. ಒಬ್ಬರಿಂದ ಅಪ್ಪಿಕೊಳ್ಳಲಾಗದಷ್ಟು ದಪ್ಪದ ಮೇಣದ ಉರುಳೆ, ಅದರ ನಟ್ಟನಡುವೆ ಕೊಳವೆ. ಆಕಾರ ನೋಡಿ ಎಲ್ಲರೂ ಅದನ್ನು ಢೋಲ್ ಎನ್ನುತ್ತಿದ್ದರು.

ಢೋಲನ್ನು ಎರಕ ಹೊಯ್ದವರು ನಮ್ಮ ವರ್ಕ್‌ಶಾಪಿನ ಮಿಸ್ತ್ರಿದಾ. ಅವರಿಗೆ ಹೆಸರಿತ್ತು, ಆದರೆ ನಿರ್ದೇಶಕರಿಂದ ಹಿಡಿದು ಗೇಟಿನ ದರವಾನನವರೆಗೆ ಎಲ್ಲರಿಗೂ ಅವರು ಮಿಸ್ತ್ರಿದಾ, ಮೇಸ್ತ್ರಿ ಅಣ್ಣ. ಹರೆಯದಲ್ಲಿ ಗಾರ್ಡನ್ ರೀಚಿನ ಒಂದು ಎರಕದ ಮನೆಯಲ್ಲಿ ಕಬ್ಬಿಣ ಹೊಯ್ದವರು. ಮೇಣ ಆರುವಾಗ ಕುಗ್ಗುತ್ತದೆ, ಒಮ್ಮೆಲೇ ಹೊಯ್ದರೆ ಹೊಟ್ಟೆಯೊಳಗೆ ಗಾಳಿಯ ಗುಳ್ಳೆ ಉಳಿಯುತ್ತದೆ ಎಂದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ದಿನಕ್ಕೆ ಕೆಲವೇ ಪದರ, ಒಂದೊಂದು ಪದರವೂ ಒಂದು ಬೆರಳು ದಪ್ಪ. ಮೇಲ್ಮೈಗೆ ಹಾಲಿನ ಕೆನೆಯಂಥ ಪೊರೆ ಕಟ್ಟಿದೊಡನೆ ಬಿಸಿ ತಂತಿಯಿಂದ ಅಲ್ಲಲ್ಲಿ ಚುಚ್ಚಿ, ಮುಂದಿನ ಪದರ ಹೊಯ್ಯುತ್ತಿದ್ದರು. ಹನ್ನೊಂದು ದಿನ ಹಾಗೆ ಮಾಡಿದರು. ಅದರಲ್ಲಿ ಬಹುಪಾಲು ದಿನ ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಪತ್ರ ಬಂದ ಮರುತಿಂಗಳು, ಜೂನ್ ಕೊನೆಗೆ, ಅವರ ನಿವೃತ್ತಿ.

ಇಷ್ಟೆಲ್ಲ ಕಣ್ಣಾರೆ ಕಂಡಿದ್ದ ನಾನು ಪರಿಶೀಲಕರ ಪ್ರಶ್ನೆಗೆ ಏನು ಉತ್ತರ ಬರೆದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ‘ಸ್ಥಳೀಯವಾಗಿ ಎರಕ ಹೊಯ್ದ ಮೇಣದಲ್ಲಿನ ದೋಷದಿಂದ ಈ ಏರಿಕೆ ಬಂದಿರಬಹುದು’ ಎಂದು ಬರೆದೆ. ಅಷ್ಟು ಒಪ್ಪಿಕೊಂಡು, ಯಂತ್ರದ ನಿಖರತೆಯನ್ನು ಸ್ವಲ್ಪ ಇಳಿಸಿ ಹೇಳಿದರೆ ಪ್ರಬಂಧ ಪಾಸಾಗುತ್ತದೆ ಎಂಬುದು ನಮ್ಮ ವಿಭಾಗದ ಮುಖ್ಯಸ್ಥರ ಲೆಕ್ಕಾಚಾರ. ನನಗೂ ಅದು ಸುಲಭವೆನಿಸಿತು. ಪತ್ರ ಟೈಪಾಗಿ, ಕಾರ್ಬನ್ ಪ್ರತಿ ಫೈಲಿಗೆ ಹೋಗಿ, ಮೂಲಪ್ರತಿ ರವಾನೆ ವಿಭಾಗಕ್ಕೆ ಹೋಯಿತು.

ಆ ಸಂಜೆಯೇ ಮಿಸ್ತ್ರಿದಾ ನನ್ನ ಮೇಜಿನ ಹತ್ತಿರ ಬಂದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನಮ್ಮ ಢೋಲಿನ ಬಗ್ಗೆ ಹೊರದೇಶದ ಸಾಹೇಬರು ಏನೋ ಕೇಳಿದ್ದಾರಂತೆ, ನೀವು ಏನು ಬರೆದಿರಿ, ಸ್ವಲ್ಪ ಓದಿ ಹೇಳಿ ಎಂದರು. ಬಾಯಿಗೆ ಬಂದದ್ದನ್ನು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಮನುಷ್ಯ ಕನ್ನಡಕ ಒರೆಸಿಕೊಂಡು, ಕೈಕಟ್ಟಿ, ಶಾಲೆಯ ಹುಡುಗನ ಹಾಗೆ ನಿಂತಿದ್ದರು. ಕಾರ್ಬನ್ ಪ್ರತಿ ತೆಗೆದು ನನ್ನ ಹರುಕುಮುರುಕು ಬಂಗಾಳಿಯಲ್ಲಿ ಸಾಲು ಸಾಲಾಗಿ ಹೇಳಿದೆ. ದೋಷ ಎನ್ನುವ ಮಾತು ಬಂದಾಗ ಅವರು ನನ್ನ ಮುಖ ನೋಡಲಿಲ್ಲ, ಕಾಗದವನ್ನೇ ನೋಡಿದರು.

"ನನ್ನ ಮೇಣದಲ್ಲಿ ಗಾಳಿ ಇಲ್ಲ, ದಿದಿಮೊಣಿ," ಎಂದರು. "ಇದ್ದಿದ್ರೆ ನಾನೇ ಬಂದು ಹೇಳ್ತಿದ್ದೆ."

ಅಷ್ಟೇ ಹೇಳಿ ಹೋದರು. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೆಲ್ಲ ಗಂಡನಿಗೆ ಹೇಳಿದೆ. ನಾವಿಬ್ಬರೂ ಕುಂದಾಪುರದ ಕಡೆಯವರು, ಅವರಿಗೆ ಬ್ಯಾಂಕಿನಲ್ಲಿ ಕೆಲಸ. ವಿಜ್ಞಾನ ಅವರ ಗೊಡವೆಯಲ್ಲ. ಸಾರಿಗೆ ಉಪ್ಪು ಸಾಲದು ಎನ್ನುವ ಧಾಟಿಯಲ್ಲೇ, "ಅಲ್ಲ ಮಾರಾಯ್ತಿ, ಅವ್ರು ಹೊಯ್ಯುವಾಗ ನೀನು ಅಲ್ಲೇ ಇದ್ದಿ ಅಲ್ವಾ? ಪೊಳ್ಳು ಉಂಟು ಅಂತ ನಿಂಗೆ ಅನಿಸ್ತದಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಬರ್ದದ್ದು ಎಂತಕ್ಕೆ?" ಎಂದವರು ಮಜ್ಜಿಗೆ ಬಡಿಸಿಕೊಂಡರು.

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ರವಾನೆ ವಿಭಾಗದ ಬಾಬುವಿನ ಎದುರು ನಿಂತೆ. ಲಕೋಟೆ ಅವರ ಮೇಜಿನ ಮೇಲೇ ಇತ್ತು, ಅಂಟಿಸಿದ ಅಂಚೆಚೀಟಿಗಳ ಅಂಟು ಕೂಡ ಸರಿಯಾಗಿ ಆರಿರಲಿಲ್ಲ. ಆದರೆ ರಿಜಿಸ್ಟರಿನಲ್ಲಿ ಬರೆದಾಗಿದೆ, ಬರೆದ ಮೇಲೆ ಅದು ಹೋದ ಹಾಗೆಯೇ ಲೆಕ್ಕ, ಹೋದದ್ದನ್ನು ಹಿಂದಕ್ಕೆ ಕೊಡುವುದು ಹೇಗೆ ಎಂಬುದು ಅವರ ಸಮಸ್ಯೆ. ಅರ್ಜಿ ಬರೆದುಕೊಟ್ಟೆ. ಅದಕ್ಕೆ ಮುಖ್ಯಸ್ಥರ ಸಹಿ ಬೇಕೆಂದರು. ಸಹಿಗೆ ಹೋದರೆ ಮುಖ್ಯಸ್ಥರು ಅರ್ಜಿಯನ್ನು ಎರಡು ಸಲ ಓದಿ, ಪೈಪು ಮೇಜಿನ ಮೇಲಿಟ್ಟರು.

ಅವರದು ದೊಡ್ಡ ಆಳು, ದೊಡ್ಡ ದನಿ, ಒಳ್ಳೆಯ ಮನಸ್ಸು. ಸಿಟ್ಟು ಬಂದರೂ ಬೈಯುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಮೇಣದ ದೋಷವಲ್ಲವಾದರೆ ಮತ್ತೇನು? ಆರು, ಏಳರಲ್ಲೇ ಯಾಕೆ ಏರುತ್ತದೆ? ಗೊತ್ತಿಲ್ಲ ಎಂದೆ. ಹಾಗಿದ್ದರೆ ಢೋಲನ್ನು ಕೊಯ್ದು ನೋಡೋಣ ಎಂದರು. ಮಿಸ್ತ್ರಿದಾರನ್ನು ಕರೆಸಿ ಕೇಳಿದರು. ಅವರು ಒಂದು ಕ್ಷಣವೂ ಯೋಚಿಸದೆ, ಕೊಯ್ಯಿರಿ, ಗರಗಸ ನಾನೇ ತರುತ್ತೇನೆ ಎಂದರು. ಕೊಯ್ದರೆ ಎರಡು ವರ್ಷದ ಅಳತೆಗಳೆಲ್ಲ ಅನಾಥವಾಗುತ್ತವೆ, ಇನ್ನೊಂದನ್ನು ಹೊಯ್ಯಲು ಮಿಸ್ತ್ರಿದಾ ಇರುವುದಿಲ್ಲ. ಕೊಯ್ಯದಿದ್ದರೆ ಅವರು ಆ ಕಳಂಕ ಹೊತ್ತುಕೊಂಡೇ ಮನೆಗೆ ಹೋಗಬೇಕು. ಎರಡು ವಾರ ಕೊಡಿ ಎಂದು ಕೇಳಿಕೊಂಡೆ. ಮುಖ್ಯಸ್ಥರು ಸಹಿ ಹಾಕುತ್ತಾ, ಮೂರನೇ ಸೋಮವಾರ ಕೊಯ್ಯುವುದು ಎಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿದರು.

ನಮ್ಮ ಅಳತೆಯ ಕ್ರಮವನ್ನು ಇಲ್ಲಿ ಹೇಳಬೇಕು. ಢೋಲಿನ ಅಂಚಿನ ಸುತ್ತ ಒಂದರಿಂದ ಎಂಟರವರೆಗೆ ಗುರುತುಗಳಿದ್ದವು. ಅದರ ಮುಖದ ಎದುರು, ನಡುವಿನಿಂದ ಕೊಂಚ ಪಕ್ಕಕ್ಕೆ, ಸ್ಟ್ಯಾಂಡಿನ ಮೇಲೆ ನ್ಯೂಟ್ರಾನ್ ಸೂಸುವ ಪುಟ್ಟ ಉಕ್ಕಿನ ಡಬ್ಬಿ ಇಡುತ್ತಿದ್ದೆವು. ಸುತ್ತ ಸುರಕ್ಷತೆಗೆಂದು ನೆಲದ ಮೇಲೆ ಬಳಿದ ಹಳದಿ ಗೆರೆ, ಅಳತೆ ನಡೆಯುವಾಗ ಅದರೊಳಗೆ ಯಾರೂ ಕಾಲಿಡುವಂತಿಲ್ಲ. ಬೆಳಿಗ್ಗೆ ಒಂದನೆಯ ಗುರುತಿನಿಂದ ಶುರು. ಸ್ಕೇಲರ್ ಎಣಿಸುತ್ತದೆ, ಪ್ರಿಂಟರ್ ಹತ್ತು ನಿಮಿಷಕ್ಕೊಮ್ಮೆ ಕಾಗದದ ಪಟ್ಟಿಯ ಮೇಲೆ ಸಂಖ್ಯೆ ಒತ್ತುತ್ತದೆ. ಒಂದು ಗುರುತು ಮುಗಿದರೆ ಢೋಲನ್ನು ಮುಂದಿನ ಗುರುತಿಗೆ ತಿರುಗಿಸುವುದು. ಒಂದು, ಎರಡು, ಮೂರು, ಹೀಗೆ ಸಂಜೆಗೆ ಎಂಟು. ಪ್ರತಿದಿನವೂ ಇದೇ ಸಾಲು. ಇದು ನಾನೇ ಹಾಕಿಕೊಟ್ಟ ಶಿಸ್ತು, ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ಲಾಗ್ ಪುಸ್ತಕವನ್ನು ಮೊದಲಿನಿಂದ ಓದತೊಡಗಿದೆ. ಮೂರನೆಯ ದಿನ ಒಂದು ಪುಟ ಸಿಕ್ಕಿತು. ಅದು ಬಂದ್ ದಿನ. ಆಗ ನಗರಕ್ಕೆ ಬಂದ್ ಎಂದರೆ ಕ್ಯಾಲೆಂಡರಿನಲ್ಲಿ ಇಲ್ಲದ ರಜೆ. ಬಸ್ಸಿಲ್ಲ, ಟ್ರಾಮ್ ಇಲ್ಲ, ಸಿಯಾಲ್ದಾಕ್ಕೆ ರೈಲಿಲ್ಲ. ಆ ದಿನ ಹತ್ತಿರದಲ್ಲಿದ್ದ ಗೆಳತಿಯ ಮನೆಯಲ್ಲಿ ಹಿಂದಿನ ದಿನವೇ ಉಳಿದುಕೊಂಡು, ನಡೆದುಕೊಂಡು ಬಂದು, ಇಡೀ ದಿನ ಒಬ್ಬಳೇ ಅಳೆದಿದ್ದೆ. ಒಂದರಿಂದ ಎಂಟರವರೆಗೆ ಎಣಿಕೆ ಚಾಪೆ ಹಾಸಿದಂತೆ ಸಮನಾಗಿತ್ತು. ಆರು, ಏಳರಲ್ಲಿ ಏರಿಕೆ ಇರಲೇ ಇಲ್ಲ. ಉಳಿದ ದಿನಗಳ ಜೊತೆ ಸರಾಸರಿ ತೆಗೆದಾಗ ಆ ಒಂದು ದಿನ ಮುಳುಗಿಹೋಗಿತ್ತು.

ಪೊಳ್ಳು ಬಂದ್ ದಿನ ರಜೆ ಹಾಕುವುದಿಲ್ಲ. ಇದನ್ನು ಮುಖ್ಯಸ್ಥರಿಗೆ ತೋರಿಸಿದೆ. ಅವರು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಬಂದ್ ದಿನ ಕಾರ್ಖಾನೆಗಳು ಮುಚ್ಚಿರುತ್ತವೆ, ಕರೆಂಟು ಸ್ಥಿರವಾಗಿರುತ್ತದೆ, ಒಂದು ದಿನದ ಅಳತೆ ನಂಬಿ ಕೂರಬೇಡ ಎಂದರು. ನನಗೂ ವೋಲ್ಟೇಜಿನ ಮೇಲೇ ಅನುಮಾನ ಹೋಯಿತು. ಲೋಡ್‌ಶೆಡ್ಡಿಂಗಿನ ಊರಿನಲ್ಲಿ ಅದಕ್ಕಿಂತ ಸುಲಭದ ಆರೋಪಿ ಯಾರು? ಬೇರೆ ವಿಭಾಗದಿಂದ ಒಂದು ಸ್ಟೆಬಿಲೈಸರ್ ಕಾಡಿ ಬೇಡಿ ತಂದೆ. ಇಬ್ಬರು ಅದನ್ನು ಹೊತ್ತು ಮೆಟ್ಟಿಲು ಹತ್ತಿಸಿದರು. ವೋಲ್ಟೇಜಿನ ಮುಳ್ಳು ಕಂಬದಂತೆ ನಿಂತಿತು. ಆರು, ಏಳರಲ್ಲಿ ಎಣಿಕೆ ಮತ್ತೆ ಏರಿತು. ಮರುದಿನವೂ ಏರಿತು. ಎರಡನೆಯ ವಾರದ ಗುರುವಾರ ಮುಖ್ಯಸ್ಥರು ನನ್ನ ಮೇಜಿನ ಮುಂದೆ ನಿಂತು, ಮೆತ್ತಗೆ, ಸೋಮವಾರ ಎಂದು ನೆನಪಿಸಿದರು. ಮಿಸ್ತ್ರಿದಾ ಗರಗಸಕ್ಕೆ ಹಲ್ಲು ಹರಿತ ಮಾಡಿಸಿ ತಂದಿಟ್ಟಿದ್ದರು.

ಶುಕ್ರವಾರ ಉಳಿದಿತ್ತು, ಶನಿವಾರ ಅರ್ಧ ದಿನ. ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುತ್ತಿದ್ದಾಗ, ಯಾವತ್ತೂ ಒಂದರಿಂದಲೇ ಯಾಕೆ ಶುರು ಮಾಡಬೇಕು ಎಂದು ಹೊಳೆಯಿತು. ಇಷ್ಟು ದಿನ ಹೊಳೆಯದಿದ್ದದ್ದಕ್ಕೆ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಅಂದು ಎಂಟರಿಂದ ಹಿಮ್ಮುಖವಾಗಿ ಹೊರಟೆ. ಆರು, ಏಳು ಎರಡೂ ಬೆಳಿಗ್ಗೆಯೇ ಬಂದವು, ಎಣಿಕೆ ತಣ್ಣಗಿತ್ತು. ಊಟವಾಯಿತು. ಮೂರು ಗಂಟೆಯ ಹೊತ್ತಿಗೆ ಢೋಲು ಮೂರನೆಯ ಗುರುತಿನಲ್ಲಿತ್ತು.

ಮೂರು ಗಂಟೆ ಎಂದರೆ ನಮ್ಮಲ್ಲಿ ಅಡ್ಡಾ. ಬಂಗಾಳಿಗಳಿಗೆ ಈ ಹರಟೆಯ ಕೂಟ ಇಲ್ಲದೆ ದಿನ ಕಳೆಯುವುದಿಲ್ಲ, ಅಲ್ಲಿದ್ದು ನನಗೂ ಹಾಗೇ ಆಗಿತ್ತು. ಇಡೀ ಕಟ್ಟಡದಲ್ಲಿ ಹವಾನಿಯಂತ್ರಣವಿದ್ದದ್ದು ನಮ್ಮ ಎಣಿಕೆಯ ಕೋಣೆಗೆ ಮಾತ್ರ, ಅದೂ ಎಲೆಕ್ಟ್ರಾನಿಕ್ಸ್ ಕೆಡದಿರಲಿ ಎಂದು. ಆ ಕೋಣೆಯ ಒಂದು ಭಾಗವನ್ನು ಪ್ಲೈವುಡ್ ಹಲಗೆಯಿಂದ ಮರೆಮಾಡಿ ಕುರ್ಚಿ ಹಾಕಿದ್ದರು. ಹಳದಿ ಗೆರೆಯಿಂದ ಸಾಕಷ್ಟು ಆಚೆಗೆ, ನಿಯಮ ಮೀರದೆ. ಮೂರಕ್ಕೆ ಸರಿಯಾಗಿ ಮಣ್ಣಿನ ಕುಡಿಕೆಯ ಚಹಾ, ಮಂಡಕ್ಕಿ, ಫುಟ್ಬಾಲು, ಹಿಲ್ಸಾ ಮೀನಿನ ರುಚಿ, ಸರ್ಕಾರ ಮಾಡಿದ್ದು ಮಾಡದ್ದು. ಪ್ರಿಂಟರ್ ತನ್ನಷ್ಟಕ್ಕೆ ಒತ್ತುತ್ತಿರುತ್ತದೆಂದು ನಾನೂ ಯಂತ್ರ ಬಿಟ್ಟು ಅಲ್ಲಿ ಹೋಗಿ ಕೂರುತ್ತಿದ್ದೆ. ಹಾಗಾಗಿ ಅಡ್ಡಾ ನಡೆಯುವಾಗ ಸ್ಕೇಲರಿನ ಮುಂದೆ ಯಾರೂ, ಒಂದು ದಿನವೂ, ಕೂತದ್ದಿಲ್ಲ.

ಆ ಶುಕ್ರವಾರ ಚಹಾದ ಮನಸ್ಸಿರಲಿಲ್ಲ. ಸ್ಕೇಲರನ್ನು ನಿಮಿಷಕ್ಕೊಮ್ಮೆ ಓದುವಂತೆ ಹಾಕಿಕೊಂಡು ಕೂತೆ. ಹಲಗೆಯ ಆಚೆ ಕುರ್ಚಿ ಎಳೆದ ಸದ್ದು, ಯಾರದೋ ನಗು. ನಿಮಿಷದ ಎಣಿಕೆ ಒಂದಿಷ್ಟು ಏರಿತು. ಇದು ಎಣಿಕೆಯ ಸಹಜ ಏರಿಳಿತವೇ ಇರಬಹುದು ಎಂದುಕೊಂಡೆ. ಇನ್ನಿಬ್ಬರು ಬಂದರು, ಮತ್ತೆ ಏರಿತು. ಆಮೇಲೆ ನೆಲ ಕರಕರ ಎಂದಿತು, ಮುಖ್ಯಸ್ಥರ ಭಾರಿ ಕುರ್ಚಿ. ಎಣಿಕೆ ಮತ್ತೊಂದು ಮೆಟ್ಟಿಲು ಹತ್ತಿ ಅಲ್ಲೇ ನಿಂತಿತು. ಮೂರನೆಯ ಗುರುತು, ಯಾವತ್ತೂ ಏರದ ಗುರುತು.

ಹಲಗೆ ದಾಟಿ ಹೋಗಿ, ಎಲ್ಲರೂ ದಯವಿಟ್ಟು ಹೊರಗೆ ಹೋಗಿ ಎಂದೆ. ಏನೋ ಅಪಾಯವಾಗಿದೆ ಎಂದುಕೊಂಡು ಎಂಟು ಜನ ಕುಡಿಕೆಗಳನ್ನು ಹಿಡಿದುಕೊಂಡೇ ಹೊರಗಿನ ಸುಡು ಜಗಲಿಗೆ ಧಾವಿಸಿದರು. ಹತ್ತು ನಿಮಿಷ ಎಣಿಸಿದೆ, ಇಳಿದಿತ್ತು. ಒಳಗೆ ಬನ್ನಿ ಎಂದೆ, ಏರಿತು. ಮತ್ತೆ ಹೊರಗೆ. ಮೂರನೆಯ ಸಲ ಹೊರಗೆ ಕಳಿಸುವಾಗ ಅವರು ಭಯ ಬಿಟ್ಟು ಬಿಸಿಲಿನಲ್ಲೇ ಫುಟ್ಬಾಲ್ ಜಗಳ ಮುಂದುವರಿಸಿದ್ದರು.

ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ನೀರೆಂದರೆ ಹೈಡ್ರೋಜನ್. ಢೋಲಿನ ಎದುರು ಎಂಟು ಜನ ಸಾಲಾಗಿ ಕೂತರೆ ಅದು ಒಂದು ನೀರಿನ ಗೋಡೆಯೇ, ಡಬ್ಬಿಯಿಂದ ಹಿಂದಕ್ಕೆ ಹೊರಟ ನ್ಯೂಟ್ರಾನುಗಳಲ್ಲಿ ಕೆಲವನ್ನು ಅದು ಢೋಲಿನ ಕಡೆಗೇ ತಿರುಗಿಸುತ್ತದೆ. ಇದು ಎಂ.ಎಸ್ಸಿ. ಹುಡುಗರಿಗೂ ಗೊತ್ತಿರುವ ಮಾತು. ದಿನವೂ ಅದೇ ಸಾಲಿನಲ್ಲಿ ಅಳೆದದ್ದರಿಂದ ಆರು, ಏಳನೆಯ ಗುರುತುಗಳು ದಿನವೂ ಅಡ್ಡಾದ ಹೊತ್ತಿಗೇ ಬರುತ್ತಿದ್ದವು. ತಪ್ಪು ಮೇಣದ್ದಲ್ಲ, ನಮ್ಮದು. ಅದರಲ್ಲೂ ಹೆಚ್ಚಿನ ಪಾಲು ನನ್ನದು.

ಇದನ್ನು ಎಲ್ಲರಿಗೂ ಹೇಳಿದೆ. ಅಲ್ಲಿಗೆ ಬಂದಿದ್ದ ಮಿಸ್ತ್ರಿದಾ ಏನೂ ಕೇಳದೆ ವರ್ಕ್‌ಶಾಪಿಗೆ ಹೋಗಿ ಖಾಲಿ ಸೀಮೆಎಣ್ಣೆ ಟಿನ್ನುಗಳನ್ನು ತಂದು, ನೀರು ತುಂಬಿಸಿ, ಕುರ್ಚಿಗೊಂದರಂತೆ ಇಟ್ಟರು. ಜನರ ಬದಲು ಟಿನ್ನುಗಳು ಅಡ್ಡಾ ಕೂತ ಹಾಗೆ ಕಾಣುತ್ತಿತ್ತು. ಎಣಿಕೆ ಸ್ವಲ್ಪ ಏರಿತು, ಆದರೆ ಮೊದಲಿನಷ್ಟಲ್ಲ. ಆಗ ಮುಖ್ಯಸ್ಥರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಗಂಭೀರವಾಗಿ, "ನನ್ನ ಕುರ್ಚಿಗೆ ನಾಲ್ಕು ಟಿನ್ ಇಡಿ," ಎಂದರು.

ಆಮೇಲೆ ಎದ್ದ ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಎಲ್ಲ ಕುರ್ಚಿಗಳಿಗೂ ಟಿನ್ನು ಹೆಚ್ಚಿಸಿದಾಗ ಎಣಿಕೆ ಸರಿಯಾಗಿ ಅಡ್ಡಾದ ಮಟ್ಟಕ್ಕೆ ಬಂತು. ನಗು ಮುಗಿದ ಮೇಲೆ ಮುಖ್ಯಸ್ಥರು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಹಾಕಿಕೊಂಡರು. ಆ ಬೇಸಿಗೆಯಿಡೀ ಅಡ್ಡಾ ಅಲ್ಲೇ ನಡೆಯಿತು, ಬೆವರು ಒರೆಸಿಕೊಳ್ಳುತ್ತಾ, ಒಬ್ಬರೂ ಗೊಣಗದೆ. ಕಲ್ಕತ್ತಾದ ಜನರನ್ನು ನಾನು ಯಾಕೆ ಇಷ್ಟು ಪ್ರೀತಿಸುತ್ತೇನೆ ಎಂದು ಯಾರಾದರೂ ಕೇಳಿದರೆ ಈಗಲೂ ಆ ಜಗಲಿಯ ಕುರ್ಚಿಯನ್ನೇ ನೆನೆಸಿಕೊಳ್ಳುತ್ತೇನೆ.

ಅಳತೆಗಳನ್ನೆಲ್ಲ ಹೊಸದಾಗಿ ಮಾಡಿದೆವು, ಈ ಸಲ ಗುರುತುಗಳನ್ನು ಚೀಟಿ ಎತ್ತಿ ಆರಿಸಿ. ಎಂಟೂ ಕಡೆ ಎಣಿಕೆ ಒಂದೇ. ಪರಿಶೀಲಕರಿಗೆ ಉತ್ತರ ಬರೆಯುವಾಗ ಅಡ್ಡಾವನ್ನು ಇಂಗ್ಲಿಷಿನಲ್ಲಿ ಏನೆನ್ನುವುದು ಎಂಬ ಬಗ್ಗೆಯೇ ಒಂದು ಅಡ್ಡಾ ನಡೆದು, ಕೊನೆಗೆ ‘ಸಿಬ್ಬಂದಿಯ ನಿತ್ಯದ ಉಪಸ್ಥಿತಿ’ ಎಂಬ ಮಾನವಂತ ಪದಗಳಲ್ಲಿ ಒಪ್ಪಂದವಾಯಿತು. ಮೇಣದ ಬಗ್ಗೆ ನಾನು ಬರೆದ ಸಾಲು ಹೀಗಿತ್ತು: ಅನುಭವಿ ಎರಕಗಾರರೊಬ್ಬರು ಮೇಣವನ್ನು ಒಂದೇ ದಪ್ಪದ ಪದರಗಳಲ್ಲಿ ಹೊಯ್ದಿದ್ದಾರೆ, ಅದರಲ್ಲಿ ಪೊಳ್ಳಿನ ಯಾವ ಸೂಚನೆಯೂ ಕಂಡಿಲ್ಲ. ನಿವೃತ್ತಿಯ ದಿನ, ಹಾರ, ಛತ್ರಿ, ಸಂದೇಶ್ ಮಿಠಾಯಿಯ ಪೆಟ್ಟಿಗೆ ಎಲ್ಲ ಕೈಯಲ್ಲಿ ಹಿಡಿದುಕೊಂಡೇ ಮಿಸ್ತ್ರಿದಾ ಬಂದು ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಹೂಂ ಎಂದರು. ಪ್ರಬಂಧ ಒಪ್ಪಿಗೆಯಾದ ಪತ್ರ ಬಂದದ್ದು ಅವರು ಹೋದ ಮೇಲೆ. ಎರಡನೆಯ ಪರಿಶೀಲಕರು ಅದರಲ್ಲಿ, ತಮ್ಮ ಪ್ರಯೋಗಾಲಯದ ಕಾಫಿ ಮೇಜನ್ನೂ ದೂರ ಸರಿಸಿದ್ದಾಗಿ ಒಂದು ಸಾಲು ಸೇರಿಸಿದ್ದರು.

ಕೆಲವು ವರ್ಷಗಳ ನಂತರ ಹೊಸ ಯಂತ್ರ ಬಂತು. ಢೋಲನ್ನು ಕೊಯ್ದು ವಿಕಿರಣ ತಡೆಯುವ ಇಟ್ಟಿಗೆಗಳಾಗಿ ಬಳಸಲು ತೀರ್ಮಾನವಾಯಿತು. ಕೊಯ್ಯುವಾಗ ಹೋಗಿ ನಿಂತೆ. ಒಳಗೆಲ್ಲೂ ಒಂದು ಸಾಸಿವೆ ಕಾಳಿನಷ್ಟೂ ಪೊಳ್ಳು ಇರಲಿಲ್ಲ. ಪದರಗಳು ಮಾತ್ರ ತೆಳು ಗೆರೆಗಳಾಗಿ ಒಂದರ ಮೇಲೊಂದು ಕಾಣುತ್ತಿದ್ದವು. ಒಂದು ತುಂಡು ಕೇಳಿ ಪಡೆದು, ಭಾನುವಾರ ಗಾರ್ಡನ್ ರೀಚಿಗೆ, ಅವರ ಮನೆಗೆ ಹೋದೆ.

ಅವರ ಕಣ್ಣು ಮಂಜಾಗಿತ್ತು. ದನಿ ಹಿಡಿದು ನನ್ನನ್ನು ಗುರುತಿಸಿ, ಸೊಸೆಗೆ ಚಹಾ ಇಡಲು ಹೇಳಿದರು. ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಪದರ ಪದರವಾಗಿ ಸವರುತ್ತಾ ಬಂದರು. ಪೊಳ್ಳಿಲ್ಲವಲ್ಲ ಎಂದು ನಾನೇ ಖುಷಿಯಿಂದ ಹೇಳಿದೆ. ಅದು ಗೊತ್ತಿದ್ದದ್ದೇ ಎಂಬಂತೆ ಅವರು ತಲೆಯಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಇದೊಂದು ಪದರ ದಪ್ಪ ಆಗಿದೆ. ಆ ದಿನ ನಾನೂ ಅಡ್ಡಾದಲ್ಲಿ ಕೂತುಬಿಟ್ಟಿದ್ದೆ, ಬರೋದು ತಡವಾಯ್ತು, ಎರಡು ಪದರ ಒಟ್ಟಿಗೆ ಹೊಯ್ದೆ," ಎಂದರು. "ನಿಮಗೆ ಹೇಳಿದ್ದೆ. ಪೇಪರಿನಲ್ಲಿ ಬರೆದಿದ್ರಾ?"

ಹೌದು, ಹೇಳಿದ್ದರು. ಹೊಯ್ದ ಮರುದಿನ ಬೆಳಿಗ್ಗೆಯೇ ಬಂದು ಹೇಳಿದ್ದರು, ನಾನು ಪರವಾಗಿಲ್ಲ ಬಿಡಿ ಎಂದು ನಕ್ಕು ಮರೆತುಬಿಟ್ಟಿದ್ದೆ. ಒಂದೇ ದಪ್ಪದ ಪದರಗಳು ಎಂದು ಬರೆದು, ಅದನ್ನೇ ಅವರಿಗೆ ಎರಡು ಸಲ ಓದಿ ಹೇಳಿದ್ದೆ. ಇಲ್ಲ ಎಂದೆ.

"ಬರೀಬೇಕಿತ್ತು," ಎಂದರು ಮಿಸ್ತ್ರಿದಾ.

ಸೊಸೆ ಚಹಾ ತಂದಿಟ್ಟರು. ಅಂದು ಬರೆಯದೆ ಬಿಟ್ಟದ್ದನ್ನು ಈಗ ಬರೆದಿದ್ದೇನೆ.